ಮಳೆಗಾಲದಲ್ಲಿ ಕಟ್ಟಿದ ಹಾಯಿ ಹಡಗು

ಮರದ ಮಾದರಿ ಹಡಗಿನ ಕಿಟ್ ಪೆಟ್ಟಿಗೆಯಲ್ಲಿ ಹಡಗಿನ ಹಾಗೆ ಕಾಣುವ ವಸ್ತು ಒಂದೂ ಇರುವುದಿಲ್ಲ. ಮೊದಲ ಸಲ ತೆರೆಯುವವರಿಗೆ ಇದನ್ನು ಮೊದಲೇ ಹೇಳಿಬಿಡಬೇಕು. ಲೇಸರ್‌ನಲ್ಲಿ ಗೆರೆ ಕೊರೆದ ತೆಳು ಹಲಗೆಗಳು, ರಬ್ಬರ್ ಬ್ಯಾಂಡ್ ಹಾಕಿದ ಮರದ ಪಟ್ಟಿಗಳ ಕಟ್ಟು, ದುಂಡನೆ ಕೋಲುಗಳು, ಹಿತ್ತಾಳೆಯ ಸಣ್ಣಪುಟ್ಟ ಸಾಮಾನಿನ ಡಬ್ಬಿ, ಕಪ್ಪು ಮತ್ತು ಕಂದು ನೂಲು, ಮೇಜಿನಿಂದ ಹೊರಗೆ ಇಳಿಬೀಳುವ ನಕ್ಷೆಗಳು. ಅಷ್ಟೇ ಇರುವುದು. ಉಳಿದದ್ದೆಲ್ಲ ನಾವೇ ಕಟ್ಟಬೇಕು.

ನನ್ನ ಪೆಟ್ಟಿಗೆಯಲ್ಲಿದ್ದದ್ದು ಬ್ಲೂನೋಸ್. ಕೆನಡಾದ ಮೀನುಗಾರಿಕೆ ಹಡಗು. ಅದಕ್ಕೆ ಎರಡು ಕೂವೆ, ಅಂದರೆ ಹಾಯಿ ಕಟ್ಟುವ ಕಂಬ. ಈ ಬಗೆಯ ಹಡಗಿಗೆ ಸ್ಕೂನರ್ ಎನ್ನುತ್ತಾರೆ. ವಿಲಿಯಂ ರೂಯೆ ಎಂಬವರು ಅದರ ವಿನ್ಯಾಸ ಮಾಡಿದರು. ನೋವಾ ಸ್ಕೋಶಿಯಾದ ಲುನೆನ್‌ಬರ್ಗ್ ಊರಿನಲ್ಲಿ ಕಟ್ಟಿ 1921ರ ಮಾರ್ಚ್ 26ರಂದು ನೀರಿಗೆ ಇಳಿಸಿದರು. ಉದ್ದ 143 ಅಡಿ. ಕಾಡ್ ಮೀನು ಹಿಡಿಯುವುದೇ ಅದರ ಕಸುಬು. ಆದರೆ ಅದೇ ವರ್ಷದ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ಮೀನುಗಾರರ ಟ್ರೋಫಿ ಪಂದ್ಯವನ್ನೂ ಗೆದ್ದಿತು. ಆ ಪಂದ್ಯಕ್ಕೆ ಶೋಕಿಯ ಹಡಗುಗಳಿಗೆ ಪ್ರವೇಶ ಇರಲಿಲ್ಲ. ನಿಜವಾಗಿ ಮೀನು ಹಿಡಿಯುವ ಹಡಗೇ ಆಗಿರಬೇಕಿತ್ತು. 1937ರಿಂದ ಕೆನಡಾದ ಹತ್ತು ಸೆಂಟ್ ನಾಣ್ಯದ ಮೇಲೆ ಸ್ಕೂನರ್ ಚಿತ್ರವಿದೆ. ಅದಕ್ಕೆ ಮಾದರಿ ಈ ಬ್ಲೂನೋಸ್. 1946ರಲ್ಲಿ ಹೈಟಿ ಹತ್ತಿರ ಹವಳದ ಬಂಡೆಗೆ ಸಿಕ್ಕಿ ಹಡಗು ಹಾಳಾಯಿತು.

ನನ್ನ ತಮ್ಮ ಮರ್ಚೆಂಟ್ ನೇವಿಯಲ್ಲಿದ್ದಾನೆ. ಕಿಟ್ ತಂದುಕೊಟ್ಟವನು ಅವನೇ. ಫಿರಂಗಿ ತುಂಬಿದ ಯುದ್ಧದ ಹಡಗುಗಳ ಕಿಟ್ ಬೇಕಾದಷ್ಟು ಸಿಗುತ್ತವಂತೆ. "ನಿನ್ನ ಶಾಲೆ ಮಕ್ಕಳ ಮನೆಯವರೆಲ್ಲ ಮೀನಿಗೆ ಹೋಗುವವರು ಅಲ್ವಾ ಅಕ್ಕ, ಅವರಿಗೆ ಇದು ಅರ್ಥ ಆಗ್ತದೆ" ಎಂದ. ಅವನ ಆಯ್ಕೆ ಎಷ್ಟು ಸರಿಯಿತ್ತು ಎಂಬುದು ಆಮೇಲೆ ಹೆಜ್ಜೆ ಹೆಜ್ಜೆಗೂ ಗೊತ್ತಾಯಿತು. ನಾನು ಶಿರಸಿ ಕಡೆಯವಳು. ಅಡಿಕೆ ತೋಟದ ನಡುವೆ ಬೆಳೆದವಳು. ಕಾರವಾರಕ್ಕೆ ಬಂದದ್ದು ವಿಜ್ಞಾನದ ಟೀಚರ್ ಆಗಿ. ದೋಣಿ ಅಂದರೆ ದಡದಲ್ಲಿ ನಿಂತು ನೋಡಿದ್ದೇ ಹೊರತು, ಅದು ಹೇಗೆ ದೋಣಿಯಾಗುತ್ತದೆ ಎಂದು ಯೋಚಿಸಿರಲಿಲ್ಲ.

ಪೆಟ್ಟಿಗೆ ಬಂದದ್ದು 2025ರ ಮೇ ಕೊನೆಗೆ. ಆಗ ಊರಲ್ಲೆಲ್ಲ ಇನ್ನೊಂದು ಹಡಗಿನದೇ ಮಾತು. ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಐಎನ್‌ಎಸ್‌ವಿ ಕೌಂಡಿನ್ಯ ನೌಕಾಪಡೆಗೆ ಸೇರಿತ್ತು. ಅಜಂತಾ ಗುಹೆಯ ಐದನೇ ಶತಮಾನದ ಒಂದು ಚಿತ್ರ ನೋಡಿ ಮಾಡಿದ ಹಡಗು ಅದು. ಹಲಗೆಗಳನ್ನು ಮೊಳೆ ಹೊಡೆದು ಕೂಡಿಸಿಲ್ಲ, ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಕೇರಳದ ಬಾಬು ಶಂಕರನ್ ಅವರ ಮುಂದಾಳತ್ವದ ಬಡಗಿಗಳು ಗೋವಾದಲ್ಲಿ ಅದನ್ನು ಕಟ್ಟಿದರು. ಹಾಯಿಯ ಮೇಲೆ ನಮ್ಮ ಗಂಡಭೇರುಂಡ ಇದೆ. ಅಂಥ ಹಡಗಿನ ಹಳೆಯ ನಕ್ಷೆ ಎಲ್ಲೂ ಉಳಿದಿಲ್ಲ. ಹಾಗಾಗಿ ನೀರಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ತಿಳಿಯಲು ಮದ್ರಾಸ್ ಐಐಟಿಯ ಸಹಾಯದಿಂದ ಮೊದಲು ಮಾದರಿ ಮಾಡಿ ಪರೀಕ್ಷಿಸಿದರು. ಮಾದರಿ ಹಡಗು ಬರೀ ಶೋಕೇಸಿಗಲ್ಲ ಎಂದು ನನಗೆ ಅನಿಸಿದ್ದು ಅದನ್ನು ಓದಿದಾಗ. ನನ್ನ ಪೆಟ್ಟಿಗೆಯನ್ನು ಇನ್ನಷ್ಟು ಗೌರವದಿಂದ ತೆರೆದೆ.

ಕೆಲಸ ಶುರುವಾಗುವುದು ಬೆನ್ನೆಲುಬಿನಿಂದ. ಹಡಗಿನ ಉದ್ದಕ್ಕೂ ನಿಲ್ಲುವ ಒಂದು ತೆಳು ಹಲಗೆ ಅದು. ಅದರಲ್ಲಿ ಮೇಲಿನಿಂದ ಕೊರೆದ ಸೀಳುಗಳಿರುತ್ತವೆ. ಪ್ರತಿ ಸೀಳಿಗೂ ಒಂದೊಂದು ಅಡ್ಡ ಹಲಗೆ, ಅಂದರೆ ಪಕ್ಕೆ, ಕೂರುತ್ತದೆ. ಈ ಪಕ್ಕೆಗಳ ಮೇಲೆ ಪಟ್ಟಿ ಹಾಸಿದರೆ ಹಡಗಿನ ಮೈ ಆಗುತ್ತದೆ. ನನ್ನ ಕಿಟ್ 1:64 ಅಳತೆಯದು. ಅಂದರೆ 64 ಅಡಿ ಇಲ್ಲಿ ಒಂದು ಅಡಿ.

ಜೂನ್ ಮೊದಲ ವಾರದ ಮಳೆ ಶುರುವಾಯಿತು ನೋಡಿ, ಬೆನ್ನೆಲುಬಿನ ಹಲಗೆ ನಿಧಾನಕ್ಕೆ ಬಾಗತೊಡಗಿತು. ಕಾರವಾರದಲ್ಲಿ ಇದ್ದವರಿಗೆ ಗೊತ್ತು, ಮಳೆಗಾಲದಲ್ಲಿ ಬಾಗಿಲುಗಳೇ ಚೌಕಟ್ಟಿಗೆ ಕಚ್ಚಿಕೊಳ್ಳುತ್ತವೆ. ಇನ್ನು ಈ ತೆಳು ಹಲಗೆ ಎಲ್ಲಿ ಸುಮ್ಮನಿರುತ್ತದೆ? ಕಿಟ್ ಜೊತೆ ಬಂದ ಪುಸ್ತಕದಲ್ಲಿ ಈ ಬಗ್ಗೆ ಒಂದು ಮಾತೂ ಇಲ್ಲ. ಅದನ್ನು ಬರೆದವರು ಒಣ ಹವೆಯ ಊರಿನವರಿರಬೇಕು. ದಪ್ಪ ಗಾಜಿನ ಮೇಲೆ ಹಲಗೆ ಮಲಗಿಸಿ, ಮೇಲೆ ಪಠ್ಯಪುಸ್ತಕಗಳ ಭಾರ ಹೇರಿ, ಪಕ್ಕದಲ್ಲಿ ಬಲ್ಬು ಉರಿಸಿಟ್ಟೆ. ನೇರವಾದ ಮೇಲೆಯೇ ಪಕ್ಕೆಗಳನ್ನು ಅಂಟಿಸಿದೆ. ಪ್ರತಿಯೊಂದಕ್ಕೂ ಕಂಪಾಸ್ ಪೆಟ್ಟಿಗೆಯ ತ್ರಿಕೋನ ಪಟ್ಟಿ ಹಿಡಿದು ನೋಡುತ್ತಿದ್ದೆ. ಬೆನ್ನೆಲುಬು ಒಂದು ಕೂದಲೆಳೆ ಸೊಟ್ಟಗಿದ್ದರೂ ಹಡಗು ಮುಗಿದ ಮೇಲೆ ಕೂವೆಗಳು ಬೇರೆ ಬೇರೆ ದಿಕ್ಕಿಗೆ ವಾಲುತ್ತವೆ. ಆಮೇಲೆ ಅದನ್ನು ಸರಿಮಾಡಲು ದಾರಿ ಇಲ್ಲ.

ಮುಂಭಾಗದ ಪಕ್ಕೆಗಳ ನಡುವೆ ಮೆದು ಮರ ತುಂಬಿದರೆ ಒಳ್ಳೆಯದು. ಪಟ್ಟಿಗಳು ಅಲ್ಲಿ ಜೋರಾಗಿ ತಿರುಗುತ್ತವೆ, ಅಂಟಲು ಜಾಗ ಜಾಸ್ತಿ ಬೇಕು. ಬಾಲ್ಸಾ ಮರ ಬಳಸಿ ಎನ್ನುತ್ತಾರೆ. ನಮ್ಮ ತೋಟದಲ್ಲಿ ಕಾಳುಮೆಣಸಿನ ಬಳ್ಳಿ ಹಬ್ಬಿಸಲು ಹಾಲವಾಣದ ಮರ ಇದೆ. ಅದರ ಒಣಗಿದ ತುಂಡು ಹಗುರ, ಚಾಕುವಿಗೆ ಚೆನ್ನಾಗಿ ಬಗ್ಗುತ್ತದೆ. ಅಮ್ಮನಿಗೆ ಫೋನ್ ಮಾಡಿದೆ. "ಇದೆಂತದೇ ತಂಗಿ, ಹಡಗಿಗೆ ಹಾಲವಾಣವಾ?" ಎಂದು ಕೇಳುತ್ತಲೇ ದೇವಿಮನೆ ಘಟ್ಟ ಇಳಿದು ಬರುವವರೊಬ್ಬರ ಕೈಲಿ ಕಳಿಸಿಕೊಟ್ಟಳು.

ಈಗ ಎಲ್ಲಕ್ಕಿಂತ ಮುಖ್ಯವಾದ ಕೆಲಸಕ್ಕೆ ಬರುತ್ತೇನೆ. ಹಡಗು ನೋಡಿದವರು ಕೂವೆ ನೋಡುತ್ತಾರೆ, ಹಗ್ಗ ನೋಡುತ್ತಾರೆ. ಈ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಹಡಗು ಚೆಂದವೋ ಅಲ್ಲವೋ ಎಂಬುದು ಇಲ್ಲೇ ತೀರ್ಮಾನ ಆಗುತ್ತದೆ.

ಪಕ್ಕೆಗಳ ಅಂಚು ಲೇಸರ್‌ನಲ್ಲಿ ನೇರವಾಗಿ ಕತ್ತರಿಸಿಕೊಂಡು ಬಂದಿರುತ್ತದೆ. ಹಡಗಿನ ಮೈ ಮಾತ್ರ ಮುಂದಕ್ಕೆ ಹೋದ ಹಾಗೆ ಒಳಕ್ಕೆ ಬಾಗುತ್ತದೆ, ಹಿಂದೆಯೂ ಹಾಗೇ. ಹಾಗಾಗಿ ಪ್ರತಿ ಪಕ್ಕೆಯ ಅಂಚನ್ನೂ ಆ ಬಾಗಿಗೆ ತಕ್ಕಂತೆ ಓರೆಯಾಗಿ ಉಜ್ಜಬೇಕು. ನಡುವಿನ ಪಕ್ಕೆಗಳಿಗೆ ಓರೆ ಬೇಕಿಲ್ಲ. ತುದಿಗೆ ಹೋದಷ್ಟೂ ಜಾಸ್ತಿ. ಪುಸ್ತಕದಲ್ಲಿ ಈ ಕೆಲಸಕ್ಕೆ ಕೊಟ್ಟಿರುವುದು ಒಂದು ಸಣ್ಣ ಪ್ಯಾರಾ. ಎಷ್ಟು ಉಜ್ಜಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಅದರಲ್ಲಿ ಇಲ್ಲ.

ನಮ್ಮ ಶಾಲೆಯ ಒಬ್ಬ ಹುಡುಗನ ಅಜ್ಜ ದೋಣಿ ಕಟ್ಟುವ ಬಡಗಿ. ಈಗ ಹೊಸ ದೋಣಿಗಳೆಲ್ಲ ಹೆಚ್ಚಾಗಿ ಫೈಬರ್, ಇಲ್ಲ ಕಬ್ಬಿಣ. ಅಜ್ಜನಿಗೆ ಮರದ ಕೆಲಸ ಸಿಗುವುದು ಜೂನ್‌ನಿಂದ ಜುಲೈವರೆಗೆ. ಆಗ ಪಶ್ಚಿಮ ಕರಾವಳಿಯಲ್ಲಿ ಬೋಟಿನ ಮೀನುಗಾರಿಕೆಗೆ 61 ದಿನ ನಿಷೇಧ. ಕಾರವಾರದ ಮೀನುಗಾರಿಕೆ ಬಂದರು ಬೈತಖೋಲದಲ್ಲಿ ಹಳೆಯ ಬೋಟುಗಳ ರಿಪೇರಿ ನಡೆಯುತ್ತದೆ. ಒಂದು ಸಂಜೆ ನನ್ನ ಹಡಗಿನ ಅಸ್ಥಿಪಂಜರವನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಕೊಡೆ ಹಿಡಿದು, ಅಲ್ಲಿಗೇ ಹೋದೆ.

ಅಜ್ಜ ಅದನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿನ ಮಟ್ಟಕ್ಕೆ ಎತ್ತಿದರು. ಮುಂದಿನಿಂದ ನೋಡಿದರು, ಹಿಂದಿನಿಂದ ನೋಡಿದರು. ಕೊಂಕಣಿಯಲ್ಲಿ ಪಕ್ಕದವರಿಗೆ ಏನೋ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕೋರೆ, ಇದು ಓಡೋ ದೋಣಿ. ಹೊಟ್ಟೆ ನೋಡಿ, ನೀರು ಕಡಿಯೋ ಹೊಟ್ಟೆ" ಎಂದರು. ಬ್ಲೂನೋಸ್ ಪಂದ್ಯ ಗೆದ್ದ ಹಡಗು ಎಂದು ನಾನು ಇನ್ನೂ ಹೇಳಿರಲಿಲ್ಲ.

ಆಮೇಲೆ ಅವರು ನನ್ನ ಕೈಲಿದ್ದ ಕಟ್ಟಿನಿಂದ ಒಂದು ಉದ್ದನೆ ಪಟ್ಟಿ ತೆಗೆದುಕೊಂಡು ಪಕ್ಕೆಗಳ ಮೇಲೆ ಸುಮ್ನೆ ಇಟ್ಟರು. ಒತ್ತಲಿಲ್ಲ. ಎರಡು ಬೆರಳಿನಲ್ಲಿ ಹಿಡಿದದ್ದು ಅಷ್ಟೇ. "ಪಟ್ಟಿ ಎಲ್ಲಾ ಪಕ್ಕೆಗೂ ತಾಗ್ಬೇಕು. ಎಲ್ಲಿ ಎದ್ದು ನಿಂತದೆ, ಅದರ ಆಚೀಚೆ ನೋಡಿ. ಆ ಪಕ್ಕೆ ಎತ್ತರ ಆಗಿದ್ರೆ ಕೀಸಿ. ತಗ್ಗಾಗಿದ್ರೆ ಪಟ್ಟಿ ಅಂಟಿಸಿ ತುಂಬಿ. ಬಲ ಹಾಕಿ ಕೂರ್ಸಬೇಡಿ. ಬಲ ಹಾಕಿ ಕೂರ್ಸಿದ ಹಲಗೆ ಒಂದಲ್ಲ ಒಂದಿನ ಬಿಟ್ಕೊಳ್ತದೆ."

ಇಡೀ ಹಡಗಿಗೆ ಬೇಕಾದ ಪಾಠ ಆ ಮಾತಿನಲ್ಲೇ ಇತ್ತು. ಅಲ್ಲಿಂದ ಮುಂದೆ ನಾನು ಮಾಡಿದ್ದೆಲ್ಲ ಅದೇ. ಪಟ್ಟಿ ಇಡುವುದು, ನೋಡುವುದು, ಉಜ್ಜುವುದು, ಮತ್ತೆ ಇಡುವುದು. ಉದ್ದ ಮರದ ತುಂಡಿಗೆ ಸ್ಯಾಂಡ್ ಪೇಪರ್ ಅಂಟಿಸಿಕೊಂಡಿದ್ದೆ, ಒಟ್ಟಿಗೆ ಮೂರ್ನಾಲ್ಕು ಪಕ್ಕೆ ತಾಗುವಷ್ಟು ಉದ್ದದ್ದು. ಬರೀ ಬೆರಳಿನಲ್ಲಿ ಉಜ್ಜಿದರೆ ಒಂದೊಂದು ಪಕ್ಕೆ ಒಂದೊಂದು ತರ ಆಗುತ್ತದೆ. ಉದ್ದ ತುಂಡಿನಿಂದ ಉಜ್ಜಿದರೆ ಪಕ್ಕೆಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಶಾಲೆಯಿಂದ ಬಂದು ಚಾ ಕುಡಿದು ಕೂತರೆ ಹೊರಗೆ ಮಳೆ, ಒಳಗೆ ಮರದ ಪುಡಿ. ಎಷ್ಟೋ ಸಂಜೆ ಹೀಗೇ ಹೋದವು. ಬೇಸರ ಆಗಲಿಲ್ಲ. ಬೆರಳಿಗೇ ಒಂದು ತಿಳಿವಳಿಕೆ ಬರುತ್ತದೆ. ಕಣ್ಣು ಮುಚ್ಚಿ ಸವರಿದರೂ ಎಲ್ಲಿ ಉಬ್ಬಿದೆ ಎಂದು ಹೇಳಬಹುದು.

ಪಟ್ಟಿ ಹಾಸುವುದಕ್ಕೆ ಮೊದಲು ಲೆಕ್ಕ ಇದೆ. ಇದನ್ನು ಎಂಟನೇ ತರಗತಿಯ ಬೋರ್ಡಿನ ಮೇಲೂ ಮಾಡಿಸಿದೆ. ಹಡಗಿನ ನಡುವೆ ಮೇಲಿನಿಂದ ಬೆನ್ನೆಲುಬಿನವರೆಗೆ ಅಳೆದರೆ 110 ಮಿಲಿಮೀಟರ್ ಬಂತು ಎನ್ನಿ. ಪಟ್ಟಿ 5 ಮಿಲಿಮೀಟರ್ ಅಗಲದ್ದಾದರೆ 22 ಪಟ್ಟಿ ಬೇಕು. ಮುಂದಿನ ತುದಿಯಲ್ಲಿ ಅಳೆದರೆ 66 ಮಿಲಿಮೀಟರ್ ಮಾತ್ರ. ಅದೇ 22 ಪಟ್ಟಿ ಅಲ್ಲಿ ಹಿಡಿಯಬೇಕಾದರೆ ಒಂದೊಂದೂ 3 ಮಿಲಿಮೀಟರ್‌ಗೆ ಇಳಿಯಬೇಕು. ಅಂದರೆ ಪ್ರತಿ ಪಟ್ಟಿಯೂ ಕಿತ್ತಳೆ ತೊಳೆಯ ಹಾಗೆ, ನಡುವೆ ಅಗಲ, ತುದಿಗೆ ಸಪೂರ. ತುದಿಯಲ್ಲಿ ಅರ್ಧಕ್ಕಿಂತ ಸಪೂರ ಮಾಡಬಾರದು ಎಂಬುದು ರೂಢಿ. ಅಷ್ಟು ಸಪೂರವಾದರೆ ಪಟ್ಟಿಗೆ ಬಲ ಇರುವುದಿಲ್ಲ, ನಿಜದ ಹಡಗಿನಲ್ಲಾದರೆ ಮೊಳೆಗೂ ಜಾಗ ಇರುವುದಿಲ್ಲ. ಅಷ್ಟು ಇಳಿಸಬೇಕಾಗಿ ಬಂದರೆ ಎರಡು ಪಟ್ಟಿಯನ್ನು ಅಲ್ಲಿಗೇ ನಿಲ್ಲಿಸಿ, ಮುಂದಕ್ಕೆ ಒಂದನ್ನೇ ಒಯ್ಯುತ್ತಾರೆ. ಹಿಂದಿನ ತುದಿಯಲ್ಲಿ ಇದರ ಉಲ್ಟಾ. ಅಲ್ಲಿ ಮೈ ಅಗಲವಾಗುತ್ತದೆ, ನಡುವೆ ಒಂದು ತ್ರಿಕೋನ ತುಂಡು ಸೇರಿಸಬೇಕಾಗುತ್ತದೆ.

"ನಮ್ಮಪ್ಪ ಇದನ್ನೆಲ್ಲ ಬರೀ ಕಣ್ಣಲ್ಲೇ ಮಾಡ್ತಿದ್ರು" ಎಂದರು ಅಜ್ಜ. ಈ ಕರಾವಳಿಯಲ್ಲಿ ಸರಕು ಹೊತ್ತು ಓಡಾಡುತ್ತಿದ್ದ ಮಚವೆ, ಪತ್ತೇಮಾರಿಗಳನ್ನು ಕಾಗದದ ನಕ್ಷೆ ಇಲ್ಲದೆಯೇ ಕಟ್ಟುತ್ತಿದ್ದರು. ಬಡಗಿಯ ಕಣ್ಣು, ಹಗ್ಗದ ಅಳತೆ, ಇಷ್ಟರಲ್ಲೇ. 22 ಪಟ್ಟಿಗೆ ಕಾಗದ, ಪೆನ್ಸಿಲ್, ಕ್ಯಾಲ್ಕ್ಯುಲೇಟರ್ ಹಿಡಿದು ಕೂತ ನನಗೆ ಆ ಮಾತಿನ ತೂಕ ಗೊತ್ತಾಗುತ್ತಿತ್ತು. ಅಂಥ ಲೆಕ್ಕವನ್ನು ಕಣ್ಣಲ್ಲೇ ಹಿಡಿದವರು ನಮ್ಮ ಪಕ್ಕದಲ್ಲೇ ಇದ್ದರೂ ನಮ್ಮ ಪಾಠದಲ್ಲಿ ಅವರ ಹೆಸರೇ ಬರುವುದಿಲ್ಲ. ನನಗೆ ಇದು ನಿಜವಾಗಿ ನೋವಿನ ವಿಷಯ.

ಪಟ್ಟಿ ಬಾಗಿಸುವ ಬಗೆ ಹೀಗೆ. ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಹಾಕಬೇಕು. ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಿ, ಬಾಗಬೇಕಾದ ಜಾಗಕ್ಕೆ ಒತ್ತುತ್ತಾ ನಿಧಾನಕ್ಕೆ ಬಗ್ಗಿಸಬೇಕು. ನೀರು ಆವಿಯಾಗಿ ಮರದ ನಾರು ಮೆತ್ತಗಾಗುತ್ತದೆ, ತಣಿದ ಮೇಲೆ ಅದೇ ಆಕಾರದಲ್ಲಿ ನಿಲ್ಲುತ್ತದೆ. ಆಮೇಲೆ ಅದನ್ನು ಹಡಗಿನ ಮೈಗೆ ಬಟ್ಟೆ ಕ್ಲಿಪ್ಪಿನಿಂದ ಕಚ್ಚಿಸಿ, ಅಂಟು ಹಾಕದೆ, ಒಣಗಲು ಬಿಡಬೇಕು. ಪೂರ್ತಿ ಒಣಗಿದ ಮೇಲೆಯೇ ಫೆವಿಕಾಲ್. ಒದ್ದೆ ಪಟ್ಟಿಯನ್ನು ಅಂಟಿಸಿದರೆ ಅದು ಒಣಗುವಾಗ ಅಗಲದಲ್ಲಿ ಕುಗ್ಗುತ್ತದೆ, ಎರಡು ಪಟ್ಟಿಗಳ ನಡುವೆ ಬಿರುಕು ಬಿಡುತ್ತದೆ. ಮರ ನೀರು ಕುಡಿದಾಗ ಉಬ್ಬುವುದು ಹೆಚ್ಚಾಗಿ ಅಗಲದಲ್ಲೇ, ಉದ್ದದಲ್ಲಿ ಅಲ್ಲ.

ಪುಸ್ತಕದ ಪ್ರಕಾರ ಒಂದು ರಾತ್ರಿ ಬಿಟ್ಟರೆ ಸಾಕು. ಜುಲೈ ತಿಂಗಳ ಕಾರವಾರದಲ್ಲಿ ಅದು ಆಗುವ ಮಾತಲ್ಲ. ಕೊಡೆ ಒಣಗುವುದಿಲ್ಲ, ಸಮವಸ್ತ್ರ ಒಣಗುವುದಿಲ್ಲ, ಪಟ್ಟಿ ಹೇಗೆ ಒಣಗೀತು? ಮರದ ಹಳೆಯ ಪೆಟ್ಟಿಗೆಯೊಳಗೆ ಸಣ್ಣ ಬಲ್ಬು ಕಟ್ಟಿ, ಗಾಳಿ ಆಡಲು ತೂತು ಬಿಟ್ಟು, ಒಣಗಿಸುವ ಗೂಡು ಮಾಡಿಕೊಂಡೆ. ಪಟ್ಟಿಗಳ ಕಟ್ಟನ್ನೂ ಅದರಲ್ಲೇ ಇಟ್ಟೆ. ಈ ಗೂಡು ಇಲ್ಲದಿದ್ದರೆ ಪಟ್ಟಿಗಳಿಗೆ ಬೂಷ್ಟು ಹಿಡಿಯುತ್ತಿತ್ತು. ಕರಾವಳಿಯಲ್ಲಿ ಮಳೆಗಾಲದಲ್ಲಿ ಮಾದರಿ ಕಟ್ಟುವವರು ಅಂಟಿಗಿಂತ ಮೊದಲು ಈ ಗೂಡು ಮಾಡಿಕೊಳ್ಳಿ ಎಂದು ಖಂಡಿತ ಹೇಳುತ್ತೇನೆ.

ಎಡಕ್ಕೊಂದು ಪಟ್ಟಿ ಹಾಕಿದರೆ ಬಲಕ್ಕೂ ಒಂದು ಹಾಕಬೇಕು. ಒಂದೇ ಕಡೆ ಹಾಕುತ್ತಾ ಹೋದರೆ ಆ ಕಡೆಗೇ ಎಳೆದು ಬೆನ್ನೆಲುಬು ತಿರುಚಿಕೊಳ್ಳುತ್ತದೆ. ಒಂದಿಷ್ಟು ಮೇಲಿನಿಂದ ಕೆಳಕ್ಕೆ, ಒಂದಿಷ್ಟು ಕೆಳಗಿನಿಂದ ಮೇಲಕ್ಕೆ ಹಾಕುತ್ತಾ ಬಂದೆ. ಕೊನೆಯ ಸಂದಿಗೆ ಪಟ್ಟಿ ಕೊರೆಯುವುದು ಬಹಳ ಸೂಕ್ಷ್ಮದ ಕೆಲಸ. ಆ ಸಂದಿಯ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಆಕಾರ ತೆಗೆದುಕೊಂಡು, ಅದರಂತೆ ಕತ್ತರಿಸಿದೆ. ಪ್ರತಿ ಪಟ್ಟಿಗೂ ಅಜ್ಜನ ಪರೀಕ್ಷೆ: ಎರಡು ಬೆರಳಿನಲ್ಲಿ ಹಿಡಿದರೆ ತಾನಾಗಿ ಕೂರುತ್ತದೆಯಾ? ಇಲ್ಲದಿದ್ದರೆ ಮತ್ತೆ ಕೀಸುವುದು.

ಮೈ ಮುಚ್ಚಿದ ರಾತ್ರಿ ನಮ್ಮನೆಯವರು ಮೊಬೈಲಿನ ಟಾರ್ಚನ್ನು ಹಡಗಿನ ಹೊಟ್ಟೆಯೊಳಗೆ ಹಿಡಿದರು. ಲೈಟು ಆರಿಸಿ ನೋಡಿದೆವು. ಬೆಳಕು ತೂರಿ ಬರುವ ಕಡೆಯಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿ, ಉಜ್ಜಿದ ಮರದ ಪುಡಿಯನ್ನೇ ಫೆವಿಕಾಲಿನಲ್ಲಿ ಕಲಸಿ ತುಂಬಿದೆ. ನಿಜದ ಹಡಗಿನಲ್ಲಿ ಈ ಸಂದಿಗಳಿಗೆ ನಾರು ತುಂಬಿ ಟಾರು ಮೆತ್ತುತ್ತಿದ್ದರು. ನಮ್ಮಲ್ಲಿ ಹತ್ತಿ ತುಂಬಿ, ರಾಳ ಮತ್ತು ಎಣ್ಣೆ ಕಲಸಿ ಮೆತ್ತುತ್ತಾರೆ. ಮರದ ದೋಣಿಯ ಮೈಗೆ ತಾರ್ಲೆ ಎಣ್ಣೆಯನ್ನೋ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಬಳಿಯುವುದೂ ಇದೆ. ಹುಳ ಕೊರೆಯಬಾರದು ಎಂದು.

ಡೆಕ್ಕಿನ, ಅಂದರೆ ಹಡಗಿನ ಮೇಲ್ಹಾಸಿನ, ಕೆಲಸ ಇದರ ಮುಂದೆ ಸಲೀಸು. ಸಪಾಟು ಜಾಗ, ನೇರ ಪಟ್ಟಿ. ಪ್ರತಿ ಪಟ್ಟಿಯ ಅಂಚಿಗೆ ಮೆತ್ತನೆ ಪೆನ್ಸಿಲ್ ಎಳೆದು ಅಂಟಿಸಿದರೆ ಸಂದಿಯಲ್ಲಿ ಟಾರು ಇದ್ದ ಹಾಗೆ ಕಪ್ಪು ಗೆರೆ ಕಾಣುತ್ತದೆ. ಬಣ್ಣವೂ ಅಷ್ಟೇ. ನೀರಿನ ಮಟ್ಟದಿಂದ ಮೇಲೆ ಕಪ್ಪು, ಕೆಳಗೆ ಕೆಂಪು. ನಡುವಿನ ಗೆರೆ ನೇರ ಬರಬೇಕಾದರೆ ಹಡಗನ್ನು ಅಲುಗದಂತೆ ನಿಲ್ಲಿಸಿ, ಒಂದು ಮರದ ತುಂಡಿಗೆ ಪೆನ್ಸಿಲ್ ಕಟ್ಟಿ, ಆ ತುಂಡನ್ನು ಮೇಜಿನ ಮೇಲೆ ಸುತ್ತ ಜಾರಿಸಬೇಕು. ಪೆನ್ಸಿಲಿನ ಎತ್ತರ ಬದಲಾಗುವುದಿಲ್ಲ, ಹಾಗಾಗಿ ಗೆರೆ ತಪ್ಪುವುದಿಲ್ಲ. ಹಿತ್ತಾಳೆಯ ಸಾಮಾನಿಗೆ ಮಾತ್ರ ಇಲ್ಲಿ ಬೇಗ ಬಣ್ಣ ಹಚ್ಚಬೇಕು. ಸಮುದ್ರದ ಉಪ್ಪು ಗಾಳಿಗೆ ಬರೀ ಹಿತ್ತಾಳೆ ಕೆಲವೇ ವಾರಗಳಲ್ಲಿ ಕಿಲುಬು ಹಿಡಿಯುತ್ತದೆ.

ಕೂವೆಗಳಿಗೆ ಬರುವ ಹೊತ್ತಿಗೆ ಗಣೇಶ ಚೌತಿ ಮುಗಿದಿತ್ತು. ದುಂಡನೆ ಕೋಲನ್ನು ತುದಿಗೆ ಸಪೂರ ಮಾಡಬೇಕು. ಡ್ರಿಲ್ ಮೆಷಿನ್ನಿಗೆ ಸಿಕ್ಕಿಸಿ, ತಿರುಗುವಾಗ ಸ್ಯಾಂಡ್ ಪೇಪರಿನಲ್ಲಿ ಹಿಡಿದುಕೊಂಡರೆ ಸಾಕು. ಕೋಲು ಆರಿಸುವಾಗ ಗಾಜಿನ ಮೇಲೆ ಉರುಳಿಸಿ ನೋಡಿ. ಸೊಟ್ಟಗಿದ್ದರೆ ಕುಲುಕುತ್ತದೆ. ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಘಟ್ಟದ ಕಾಡಿನಲ್ಲಿ ಪೂನ್ ಎಂದು ಹೆಸರಾದ ಮರ ಇದೆ, ಸುರಹೊನ್ನೆಯ ಜಾತಿಯದು. ಗಂಟಿಲ್ಲದೆ ನೆಟ್ಟಗೆ ಎತ್ತರಕ್ಕೆ ಬೆಳೆಯುತ್ತದೆ. ಹಾಯಿ ಹಡಗುಗಳ ಕಾಲದಲ್ಲಿ ಕೂವೆಗೆ ಅದಕ್ಕೆ ಬಹಳ ಬೇಡಿಕೆ ಇತ್ತು. ಕಾಳುಮೆಣಸು ಕೊಳ್ಳಲು ಬಂದ ಇಂಗ್ಲಿಷರು 1638ರಲ್ಲೇ ಕಾರವಾರದಲ್ಲಿ ವ್ಯಾಪಾರದ ಕೋಠಿ ಹಾಕಿದ್ದರು. ಘಟ್ಟದ ಮೆಣಸು ಹಡಗಿನ ಹೊಟ್ಟೆ ತುಂಬಿತು, ಘಟ್ಟದ ಮರ ಹಡಗಿನ ಕೂವೆಯಾಯಿತು. ಹಾಗೆ ನೋಡಿದರೆ ತೋಟದವಳಾದ ನನಗೂ ಹಡಗಿಗೂ ಸಂಬಂಧ ಹಳೆಯದೇ.

ಹಗ್ಗದ ಕೆಲಸವನ್ನು ಬೇಕೆಂದೇ ದೀಪಾವಳಿ ಆಚೆಗೆ ಇಟ್ಟುಕೊಂಡೆ. ಹತ್ತಿ ನೂಲು ಒದ್ದೆ ಹವೆಯಲ್ಲಿ ಬಿಗಿಯುತ್ತದೆ, ಒಣಗಿದರೆ ಸಡಿಲ ಬೀಳುತ್ತದೆ. ಮಳೆಯಲ್ಲಿ ಬಿಗಿ ಕಟ್ಟಿದ್ದು ಜನವರಿಯಲ್ಲಿ ಜೋತು ಬೀಳುತ್ತದೆ. ಹಡಗಿನಲ್ಲಿ ಹಗ್ಗ ಎರಡು ಬಗೆ. ಕೂವೆಯನ್ನು ಆಚೀಚೆ ಎಳೆದು ಹಿಡಿದು ನಿಲ್ಲಿಸುವುದು ಒಂದು. ಇದು ಕದಲುವುದಿಲ್ಲ, ಟಾರು ಬಳಿದು ಕಪ್ಪಾಗಿರುತ್ತದೆ. ಹಾಯಿ ಏರಿಸಲು, ತಿರುಗಿಸಲು ಎಳೆಯುವುದು ಇನ್ನೊಂದು. ಇದು ಕಂದು. ಮೊದಲು ಕಪ್ಪು ಮುಗಿಸಿ ಆಮೇಲೆ ಕಂದಿಗೆ ಹೋಗಬೇಕು. ಒಳಗಿನಿಂದ ಹೊರಕ್ಕೆ ಕಟ್ಟುತ್ತಾ ಬರಬೇಕು, ಇಲ್ಲದಿದ್ದರೆ ಚಿಮಟ ಹೋಗಲೂ ಜಾಗ ಇರುವುದಿಲ್ಲ.

ನೂಲಿನ ಮೇಲೆ ಸಣ್ಣ ಸಣ್ಣ ರೋಮ ಎದ್ದಿರುತ್ತದೆ. 1:64ರಲ್ಲಿ ಅದು ಹಗ್ಗಕ್ಕೆ ಗಡ್ಡ ಬಂದ ಹಾಗೆ ಕಾಣುತ್ತದೆ. ಜೇನುಮೇಣದ ಮೇಲೆ ಎಳೆದು, ಬೆರಳಿನ ಬಿಸಿಯಲ್ಲಿ ಸವರಿದರೆ ಎಲ್ಲ ಕೂರುತ್ತದೆ. ತೇವವನ್ನೂ ಸ್ವಲ್ಪ ತಡೆಯುತ್ತದೆ. ನಮ್ಮ ಶಿರಸಿ ಕಡೆ ಜೇನು ಸಾಕುವ ಮನೆಗಳಿಗೆ ಕೊರತೆ ಇಲ್ಲ. ಅಮ್ಮ ಈ ಸಲ ಏನೂ ಕೇಳದೆ ಒಂದು ಉಂಡೆ ಮೇಣ ಕಳಿಸಿದಳು.

ಕೂವೆಯ ಎರಡೂ ಪಕ್ಕ ಹಗ್ಗದ ಏಣಿ ಇದೆ. ನಾವಿಕರು ಮೇಲೆ ಹತ್ತುವುದು ಅದರಲ್ಲೇ. ಅಡ್ಡ ಹಗ್ಗವನ್ನು ಉದ್ದ ಹಗ್ಗಕ್ಕೆ ಪ್ರತಿ ಕಡೆಯೂ ಗಂಟು ಹಾಕಿ ಕಟ್ಟಬೇಕು. ಒಂದರ ಮೇಲೊಂದು ಅಡ್ಡ ಹಾದ ಎರಡು ಸುತ್ತಿನ ಗಂಟು. ಗಂಟು ಎಳೆದಾಗ ಏಣಿ ಸೊಂಟದಲ್ಲಿ ಕುಗ್ಗಿಬಿಡುತ್ತದೆ, ಅದನ್ನು ತಡೆಯಲು ಹಿಂದೆ ಗೆರೆ ಎಳೆದ ಕಾಗದ ಇಟ್ಟುಕೊಳ್ಳಬೇಕು. ಒಂದು ಭಾನುವಾರ ಒಂಬತ್ತನೇ ತರಗತಿಯ ಹುಡುಗ ನೋಡಲು ಬಂದಿದ್ದ. ಖಾರ್ವಿಗಳ ಮನೆಯವನು. ನಾನು ಚಿತ್ರ ನೋಡಿಕೊಂಡು ಗಂಟು ಹಾಕುತ್ತಿದ್ದೆ. ಅವನು ಸ್ವಲ್ಪ ಹೊತ್ತು ನೋಡಿ, "ಅಕ್ಕೋರೆ, ಇದು ಬಲೆಯ ಮೇಲ್ಹಗ್ಗಕ್ಕೆ ಹಾಕೋ ಗಂಟೇ" ಎಂದ. ಚಿಮಟ ತೆಗೆದುಕೊಂಡು ಹಾಕಿಯೇ ಬಿಟ್ಟ. ಕಣ್ಣು ನೂಲಿನ ಮೇಲೆ ಇರಲೇ ಇಲ್ಲ, ನನ್ನ ಹತ್ತಿರ ಮಾತಾಡುತ್ತಲೇ ಇದ್ದ. ಮೇಲಿನ ಅರ್ಧ ಏಣಿ ಅವನದೇ ಕೆಲಸ. ಬಿಗಿ ಎಲ್ಲ ಕಡೆಯೂ ಒಂದೇ ಸಮ ಇದೆ. ತರಗತಿಯಲ್ಲಿ ಕೈ ಎತ್ತದ ಹುಡುಗ ಅವನು. ಆ ದಿನದಿಂದ ಅವನ ಕಡೆಗೆ ನನ್ನ ನೋಟವೇ ಬದಲಾಯಿತು.

ಹಾಯಿ ಕಟ್ಟಬೇಕೋ ಬೇಡವೋ ಎಂಬ ಪ್ರಶ್ನೆ ಎಲ್ಲರಿಗೂ ಬರುತ್ತದೆ. ಬ್ಲೂನೋಸ್‌ಗೆ ಒಟ್ಟು ಎಂಟು ಹಾಯಿ. ಎಲ್ಲ ಕಟ್ಟಿದರೆ ಹಗ್ಗದ ಕೆಲಸ, ಡೆಕ್ಕಿನ ಕೆಲಸ ಎರಡೂ ಮುಚ್ಚಿಹೋಗುತ್ತವೆ. ಕಟ್ಟದೇ ಬಿಟ್ಟರೆ ಹಡಗಿನ ಓಟ ಕಾಣುವುದಿಲ್ಲ. ಬಟ್ಟೆಯಂತೂ ನಮ್ಮ ಹವೆಗೆ ಕಲೆ ಹಿಡಿಯುತ್ತದೆ. ನಾನು ದೊಡ್ಡ ಹಾಯಿಯನ್ನು ಮಡಚಿ, ಕೆಳಗಿನ ಅಡ್ಡ ಮರಕ್ಕೆ ಕಟ್ಟಿದ ಹಾಗೆ ತೋರಿಸಿದೆ. ಬಂದರಿಗೆ ಬಂದು ನಿಂತ ಮೀನಿನ ಹಡಗು ಹಾಗೇ ತಾನೇ ಇರುತ್ತದೆ? ಉಳಿದ ಹಾಯಿಗಳನ್ನು ಬಿಟ್ಟೆ. ತಮ್ಮನಿಗೆ ಇದು ಒಪ್ಪಿಗೆ ಇಲ್ಲ. ಫೋಟೋ ನೋಡಿ, "ಎಂಟೂ ಹಾಕು ಅಕ್ಕ, ಗಾಳಿ ತುಂಬಿದ ಹಾಗೆ" ಎಂದು ಇನ್ನೂ ಹೇಳುತ್ತಾನೆ. ನನಗೆ ಮಾತ್ರ ನನ್ನ ಆಯ್ಕೆಯೇ ಸರಿ ಅನಿಸುತ್ತದೆ.

ಗಾಜಿನ ಪೆಟ್ಟಿಗೆ ಮಾಡಿಸುವಾಗ ಕೆಳಗೆ, ಹಿಂದೆ ಸಣ್ಣ ತೂತುಗಳನ್ನು ಬಿಡಿಸಿದೆ. ಪೂರ್ತಿ ಮುಚ್ಚಿದರೆ ತೇವ ಒಳಗೇ ಉಳಿದು ಬೂಷ್ಟು ಬರುತ್ತದೆ. ತೂತಿಗೆ ತೆಳು ಬಲೆ ಅಂಟಿಸಿದರೆ ಇರುವೆ ಬರುವುದಿಲ್ಲ. ಹಡಗು ಈಗ ಶಾಲೆಯ ವಿಜ್ಞಾನ ಕೋಣೆಯಲ್ಲಿದೆ. ಅಜ್ಜ ಬಂದು ನೋಡಿದರು. ಗಾಜು ತೆಗೆಸಿ, ಮೈ ಮೇಲೆ ಬೆರಳು ಸವರಿದರು, ಮುಂದಿನ ತುದಿಯಲ್ಲಿ ಎರಡು ಸಲ. ಕೂವೆ, ಹಗ್ಗದ ಕಡೆ ಅಷ್ಟಾಗಿ ನೋಡಲಿಲ್ಲ. "ಹಲಗೆ ಕೂತಿದೆ" ಎಂದರು.

ಇನ್ನು ಬಾಕಿ ಇರುವುದು ಡೋರಿಗಳು. ಬ್ಲೂನೋಸ್ ತಾನೇ ನೇರವಾಗಿ ಮೀನು ಹಿಡಿಯುತ್ತಿರಲಿಲ್ಲ. ಮೀನಿನ ಜಾಗಕ್ಕೆ ಹೋದ ಮೇಲೆ ಡೆಕ್ಕಿನಿಂದ ಡೋರಿ ಎಂಬ ಚಪ್ಪಟೆ ತಳದ ಸಣ್ಣ ದೋಣಿಗಳನ್ನು ಇಳಿಸುತ್ತಿದ್ದರು. ಅದರಲ್ಲಿ ಕೂತು ಹೋಗಿ ಉದ್ದ ಹಗ್ಗಕ್ಕೆ ಸಾಲುಗಾಳ ಕಟ್ಟಿ ಬಿಡುತ್ತಿದ್ದರು. ಕೂರುವ ಅಡ್ಡ ಹಲಗೆ ತೆಗೆದಿಟ್ಟರೆ ಒಂದರೊಳಗೆ ಒಂದು ಡೋರಿ ಕೂರುತ್ತದೆ, ಡೆಕ್ಕಿನ ಮೇಲೆ ಜಾಗ ಉಳಿಯುತ್ತದೆ. ಉಳಿದ ಪಟ್ಟಿಗಳಲ್ಲಿ ಇವುಗಳನ್ನು ವಿಜ್ಞಾನ ಸಂಘದ ಮಕ್ಕಳು ಮಾಡುತ್ತಿದ್ದಾರೆ. ಗಂಟು ಹಾಕಿದ ಹುಡುಗನೇ ಮುಂದಾಳು. ಪಕ್ಕೆ ಉಜ್ಜುವಾಗ ಉದ್ದ ತುಂಡಿಗೆ ಸ್ಯಾಂಡ್ ಪೇಪರ್ ಅಂಟಿಸಿಕೊಳ್ಳಿ ಎಂದು ಅವನೇ ಉಳಿದವರಿಗೆ ಹೇಳಿಕೊಡುತ್ತಿದ್ದಾನೆ. ಮೊದಲ ಡೋರಿಯ ತಳ ಅಂಟಿಸಿ ಆಗಿದೆ, ಬದಿಯ ಹಲಗೆ ಬಲ್ಬಿನ ಗೂಡಿನಲ್ಲಿದೆ.